ಕ್ಯಾನ್ಸರೇ ಬಂದೈತೆ, ಇನ್ನು ದಮ್ಮು ಯಾವ ಲೆಕ್ಕ ಅಂತೀರಾ?

"ಕ್ಯಾನ್ಸರೇ ಬಂದೈತೆ, ಇನ್ನು ದಮ್ಮು ಯಾವ ಲೆಕ್ಕ ಬಿಡಪ್ಪಾ."

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ರೋಗಿಯನ್ನು ನೋಡೋಕೆ ಬಂದ ನೆಂಟರು ಅಂದಿದ್ದಾರೆ. ಮೆಡಿಕಲ್ ಶಾಪಿನವರು ಅಂದಿದ್ದಾರೆ. ಸ್ವಲ್ಪ ನಯವಾದ ಭಾಷೆಯಲ್ಲಿ, "ಸದ್ಯಕ್ಕೆ ಅದು ಮುಖ್ಯ ಅಲ್ಲ" ಅಂತ ಬಿಳಿ ಕೋಟಿನವರೂ ಅಂದಿದ್ದಾರೆ. ಈ ಬರಹ ಆ ಒಂದು ಮಾತಿನ ವಿರುದ್ಧ. ಮಾತು ಕನಿಕರದಿಂದ ಬಂದಿದ್ದು, ಒಪ್ಪುತ್ತೇನೆ. ಆದರೆ ಶ್ವಾಸಕೋಶದ ಕ್ಯಾನ್ಸರ್ ಆದ ಮನುಷ್ಯನಿಗೆ ಮೊದಲಿನಿಂದಲೂ ಅಸ್ತಮಾ ಇದ್ದರೆ, ಅವನ ರಾತ್ರಿಯ ನಿದ್ದೆ, ಆಪರೇಷನ್ ಆಗುತ್ತೋ ಇಲ್ಲವೋ ಅನ್ನೋದು, ಕೀಮೋ ಮಧ್ಯೆ ಬರುವ ಸೋಂಕಿನಲ್ಲಿ ಉಳಿಯುತ್ತಾನೋ ಇಲ್ಲವೋ ಅನ್ನೋದು, ಇಷ್ಟೂ ಆ "ಯಾವ ಲೆಕ್ಕ" ಅನ್ನುವ ದಮ್ಮಿನ ಮೇಲೂ ನಿಂತಿರುತ್ತದೆ.

ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಉಸಿರಿನ ಎಲ್ಲ ಕಾಯಿಲೆಗೂ ಒಂದೇ ಹೆಸರು, ದಮ್ಮು. ಮೈಸೂರು ಕಡೆ ಗೂರಲು ಅಂತಾರೆ, ಪೇಪರಿನಲ್ಲಿ ಉಬ್ಬಸ ಅಂತ ಬರೀತಾರೆ. ಬೀಡಿ ಸೇದಿ ಶ್ವಾಸಕೋಶ ಸವೆಸಿಕೊಂಡವರಿಗೂ ದಮ್ಮು, ಧೂಳು ಕಂಡರೆ ಎದೆ ಬಿಗಿಯುವ ಹುಡುಗಿಗೂ ದಮ್ಮು, ಹೃದಯ ಸೋತು ಕಾಲು ಊದಿಕೊಂಡ ಅಜ್ಜಿಗೂ ದಮ್ಮು. ಅಸ್ತಮಾ ಅಂದರೆ ಇವೆಲ್ಲ ಅಲ್ಲ. ಶ್ವಾಸನಾಳದ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದು, ಗಾಳಿಯ ದಾರಿ ಕಿರಿದಾಗುವುದು ಅಸ್ತಮಾ. ಅದು ಬರುತ್ತದೆ, ಹೋಗುತ್ತದೆ. ರಾತ್ರಿ ಮತ್ತು ಬೆಳಗಿನ ಜಾವ ಜಾಸ್ತಿ. ಎದೆಯ ಎರಡೂ ಕಡೆ ಸಿಳ್ಳೆ ಹೊಡೆದ ಹಾಗೆ ಸದ್ದು. ಸರಿಯಾದ ಔಷಧ ಒಳಗೆ ಹೋದರೆ ಕಾಲು ಗಂಟೆಯಲ್ಲಿ ದಾರಿ ಬಿಡುತ್ತದೆ.

ಶ್ವಾಸನಾಳದೊಳಗೆ ಗಡ್ಡೆ ಬೆಳೆದರೂ ಸಿಳ್ಳೆ ಸದ್ದು ಬರುತ್ತದೆ. ಆದರೆ ಅದು ಹೆಚ್ಚಾಗಿ ಒಂದೇ ಕಡೆಯಿಂದ, ಒಂದೇ ಜಾಗದಿಂದ. ಪಫ್ ಎಳೆದರೂ ಬಿಡುವುದಿಲ್ಲ. ಕಫದಲ್ಲಿ ರಕ್ತದ ಎಳೆ, ಕಾರಣವಿಲ್ಲದೆ ಇಳಿಯುವ ತೂಕ, ಗೊಗ್ಗರಾದ ದನಿ, ಬೆರಳ ತುದಿ ಉಬ್ಬಿ ಉಗುರು ಬಾಗಿಕೊಳ್ಳುವುದು, ಇವೆಲ್ಲ ಜೊತೆಗೆ ಬರಬಹುದು. ಐವತ್ತು ದಾಟಿದ ಬೀಡಿ ಸೇದುವವರಿಗೆ ಮೊದಲ ಸಲ ಸಿಳ್ಳೆ ಸದ್ದು ಬಂದರೆ ಅಸ್ತಮಾ ಅಂತ ಬರೆದು ಕಳಿಸುವ ಮೊದಲು ಎಕ್ಸ್‌ರೇ ಆದರೂ ನೋಡಬೇಕು. ಹಳೇ ಅಸ್ತಮಾ ರೋಗಿಯ ಕಥೆ ಇನ್ನೂ ಕಷ್ಟ. ಇಪ್ಪತ್ತು ವರ್ಷದಿಂದ ದಮ್ಮು ಇರುವವರ ದಮ್ಮು ಒಂದು ದಿನ ಬೇರೆ ಥರ ಆಗಿದೆ ಅಂತ ಯಾರಿಗೆ ಗೊತ್ತಾಗಬೇಕು? ಹಳ್ಳಿಯ ಕ್ಲಿನಿಕ್ಕಿನಲ್ಲಿ ಒಂದು ಡೆರಿಫಿಲಿನ್, ಒಂದು ಡೆಕ್ಸಾ ಸೂಜಿ. ಕೆಮ್ಮು ಬಿಡದಿದ್ದರೆ ಕಫ ಪರೀಕ್ಷೆ. ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡರೆ, ಕಫದಲ್ಲಿ ಏನೂ ಸಿಗದಿದ್ದರೂ, ಟಿ.ಬಿ. ಮಾತ್ರೆ. ಶ್ವಾಸಕೋಶದ ಕ್ಯಾನ್ಸರನ್ನು ಟಿ.ಬಿ. ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ನಮ್ಮ ದೇಶದಲ್ಲಿ ವೈದ್ಯರೇ ಮತ್ತೆ ಮತ್ತೆ ಬರೆದಿರುವ ಸಂಗತಿ.

ಹೀಗೆ ಮೊದಲು ದಮ್ಮಿನ ಹೆಸರಿನಡಿ ಕ್ಯಾನ್ಸರ್ ಅಡಗಿಕೊಳ್ಳುತ್ತದೆ. ಕ್ಯಾನ್ಸರ್ ಗೊತ್ತಾದ ಮಾರನೇ ದಿನದಿಂದ ಉಲ್ಟಾ. ಈಗ ಕ್ಯಾನ್ಸರಿನ ಹೆಸರಿನಡಿ ಅಸ್ತಮಾ ಅಡಗಿಕೊಳ್ಳುತ್ತದೆ. ಏನೇ ಆದರೂ "ಅದು ಕ್ಯಾನ್ಸರಿಂದ". ಮೊದಲನೆಯದರ ಬಗ್ಗೆ ಯಾರಾದರೂ ಆಗಾಗ ಮಾತಾಡುತ್ತಾರೆ. ಎರಡನೆಯದರ ಬಗ್ಗೆ ಮಾತೇ ಇಲ್ಲ.

ನಮ್ಮ ಮಾವನ ವಿಷಯ ಹೇಳುತ್ತೇನೆ. ಅವರು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಹಮಾಲಿ ಮಾಡುತ್ತಿದ್ದರು. ಶೇಂಗಾ ಸಿಪ್ಪೆಯ ಧೂಳು, ಜೊತೆಗೆ ಬೀಡಿ. ಅಸ್ತಮಾ ಹುಡುಗರಾಗಿದ್ದಾಗಿನಿಂದ ಇತ್ತು. ಕ್ಯಾನ್ಸರ್ ಗೊತ್ತಾದಾಗ ಆಪರೇಷನ್ ಮಾಡುವ ಹಂತ ದಾಟಿತ್ತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೀಮೋ, ಆಮೇಲೆ ಎದೆಗೆ ರೇಡಿಯೇಷನ್ ಆಯಿತು. ಕೊಟ್ಟ ಡಿಸ್ಚಾರ್ಜ್ ಸಮ್ಮರಿ ನಾಲ್ಕು ಪುಟ. ಗಡ್ಡೆಯ ಅಳತೆ ಮಿಲಿಮೀಟರಿನಲ್ಲಿ ಇತ್ತು. ಯಾವ ದಿನ ಯಾವ ಔಷಧ ಎಷ್ಟು ಅಂತ ಇತ್ತು. ಅಸ್ತಮಾ ಅನ್ನುವ ಪದ ಎಲ್ಲೂ ಇರಲಿಲ್ಲ. ಅವರು ಆಸ್ಪತ್ರೆಗೆ ಹೋಗುವಾಗ ಜೇಬಿನಲ್ಲಿದ್ದ ಪಂಪು (ಇನ್‌ಹೇಲರಿಗೆ ನಮ್ಮಲ್ಲಿ ಪಂಪು ಅಂತಲೇ ಅನ್ನೋದು) ವಾಪಸ್ ಬರುವಾಗ ಇರಲಿಲ್ಲ. ಯಾರೂ ಬಿಡಿ ಅಂದಿರಲಿಲ್ಲ, ಮುಂದುವರಿಸಿ ಅಂತಲೂ ಅಂದಿರಲಿಲ್ಲ. ಕೀಮೋ ದಿನಗಳಲ್ಲಿ ದಮ್ಮೇ ಬರಲಿಲ್ಲ, ಅದಕ್ಕೇ ಬಿಟ್ಟೆ ಅಂದರು.

ಕೀಮೋ ದಿನಗಳಲ್ಲಿ ದಮ್ಮು ಬರಲಿಲ್ಲ ಅನ್ನುವುದು ನಿಜ. ಅದಕ್ಕೆ ಕಾರಣವಿದೆ, ಆ ಕಾರಣವನ್ನು ಯಾರಾದರೂ ಎರಡು ನಿಮಿಷ ಕೂರಿಸಿಕೊಂಡು ಹೇಳಬೇಕಿತ್ತು. ಡೋಸಿಟ್ಯಾಕ್ಸೆಲ್ ಥರದ ಕೀಮೋ ಔಷಧ ಕೊಡುವಾಗ ಹಿಂದಿನ ದಿನದಿಂದ ಶುರುಮಾಡಿ 3 ದಿನ ಡೆಕ್ಸಾಮೆಥಸೋನ್ ಕೊಡುವುದು ರೂಢಿ, ಸಾಮಾನ್ಯವಾಗಿ 8 ಮಿಲಿಗ್ರಾಂನಂತೆ ದಿನಕ್ಕೆ 2 ಸಲ. ಪ್ಯಾಕ್ಲಿಟ್ಯಾಕ್ಸೆಲ್ ಕೊಡುವ ಮೊದಲೂ ಸ್ಟಿರಾಯ್ಡ್ ಕೊಡುತ್ತಾರೆ. ಔಷಧಕ್ಕೆ ಮೈ ತಿರುಗಿ ಬೀಳಬಾರದು, ವಾಂತಿ ಕಡಿಮೆಯಾಗಲಿ ಅಂತ. 8 ಮಿಲಿಗ್ರಾಂ ಡೆಕ್ಸಾ ಅಂದರೆ ಹತ್ತಿರ ಹತ್ತಿರ 50 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಜೋರು ಅಸ್ತಮಾ ಬಂದವರಿಗೆ ದಿನಕ್ಕೆ ಕೊಡುವುದೇ 40ರಿಂದ 50 ಮಿಲಿಗ್ರಾಂ. ಅಂದರೆ ಕ್ಯಾನ್ಸರಿಗೆ ಅಂತ ಕೊಟ್ಟ ಸ್ಟಿರಾಯ್ಡ್ ಅಸ್ತಮಾವನ್ನೂ ಆ ಮೂರು ದಿನ ಮಲಗಿಸಿಬಿಡುತ್ತದೆ. ರೋಗಿ ಅಂದುಕೊಳ್ಳುತ್ತಾರೆ, ಕೀಮೋಗೆ ದಮ್ಮೂ ಹೋಯಿತು ಅಂತ. ಪಂಪು ಮೂಲೆಗೆ.

ಡೆಕ್ಸಾ ಪ್ರಭಾವ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಬಿಳಿ ರಕ್ತಕಣಗಳು ತೀರ ಕೆಳಗಿಳಿಯುವುದು ಹಲವು ಕೀಮೋ ಔಷಧಗಳಲ್ಲಿ 7ರಿಂದ 14ನೇ ದಿನದ ನಡುವೆ. ಊರಿನಲ್ಲಿ ಯಾರಿಗೋ ನೆಗಡಿ, ಮನೆಗೆ ಬಂದ ಮೊಮ್ಮಗುವಿಗೆ ಕೆಮ್ಮು. ಅಸ್ತಮಾ ಕೆರಳೋಕೆ ನೆಗಡಿಯಷ್ಟು ಸಾಕು. ಹೀಗೆ ಪಂಪು ಇಲ್ಲದ, ಸ್ಟಿರಾಯ್ಡ್ ಇಳಿದ, ರೋಗನಿರೋಧಕ ಶಕ್ತಿ ಪಾತಾಳ ಮುಟ್ಟಿದ ವಾರದಲ್ಲೇ ದಮ್ಮು ವಾಪಸ್ ಬರುತ್ತದೆ. ಆಗ ಊರ ಕ್ಲಿನಿಕ್ಕಿನಲ್ಲಿ ಮತ್ತೆ ಡೆಕ್ಸಾ ಸೂಜಿ. ಆ ಸೂಜಿ ಜ್ವರವನ್ನೂ ಮುಚ್ಚಿಡಬಲ್ಲದು. ಕೀಮೋ ನಡೆಯುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಅಂದರೆ ಅದೇ ರಾತ್ರಿ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಜ್ವರವೇ ಕಾಣದಂತೆ ಮಾಡಿ, ಎರಡು ದಿನ ಉಸಿರು ಹಗುರ ಮಾಡಿ, ಮೂರನೇ ದಿನ ಸೋಂಕು ಮೈಯೆಲ್ಲ ಹರಡಿದಾಗ "ಕ್ಯಾನ್ಸರ್ ಜಾಸ್ತಿ ಆಯ್ತು" ಅಂತ ತೀರ್ಪು ಕೊಡುವುದು ಸುಲಭ. ಕೇಳುವವರೂ ನಂಬುತ್ತಾರೆ.

ಮಾವನಿಗೆ ಆ ವಾರಗಳು ಹೇಗೋ ದಾಟಿದವು. ಪೆಟ್ಟು ಬಿದ್ದಿದ್ದು ರೇಡಿಯೇಷನ್ ಮುಗಿದು ಎರಡು ತಿಂಗಳಾದ ಮೇಲೆ. ಒಣಕೆಮ್ಮು, ಸಂಜೆ ಸಣ್ಣ ಜ್ವರ, ಹತ್ತು ಹೆಜ್ಜೆ ನಡೆದರೆ ಏದುಸಿರು. ಊರಿನವರ ಪ್ರಕಾರ ಹಳೇ ದಮ್ಮು ತಿರುಗಿ ಬಂತು. ಸೂಜಿ ಹಾಕಿಸಿದ ದಿನ ಹಗುರ, ಮೂರನೇ ದಿನಕ್ಕೆ ಮತ್ತೆ ಅದೇ. ಹಾಗೆ ಐದು ವಾರ. ಆಮೇಲೆ ಬೆಂಗಳೂರಿಗೆ ಹೋದಾಗ ಸಿ.ಟಿ. ಸ್ಕ್ಯಾನಿನಲ್ಲಿ ಕಂಡಿದ್ದು ರೇಡಿಯೇಷನ್ ನ್ಯುಮೋನೈಟಿಸ್. ಕಿರಣ ಬಿದ್ದ ಜಾಗದ ಶ್ವಾಸಕೋಶವೇ ಊದಿಕೊಳ್ಳುವುದು. ಎದೆಗೆ ರೇಡಿಯೇಷನ್ ಆದವರಲ್ಲಿ ಕೆಲವರಿಗೆ, ಸಾಮಾನ್ಯವಾಗಿ 1ರಿಂದ 6 ತಿಂಗಳ ನಡುವೆ ಬರುತ್ತದೆ. ಇದಕ್ಕೂ ಸ್ಟಿರಾಯ್ಡೇ ಔಷಧ. ಆದರೆ ದಿನವೂ ಮಾತ್ರೆ, ವಾರಗಟ್ಟಲೆ, ನಿಧಾನವಾಗಿ ಇಳಿಸಿಕೊಂಡು ಬರಬೇಕು. ಒಂದು ಸೂಜಿ, ನಾಲ್ಕು ದಿನ ಬಿಡುವು, ಮತ್ತೊಂದು ಸೂಜಿ ಅನ್ನುವ ನಮ್ಮೂರಿನ ಪದ್ಧತಿ ಇದನ್ನು ವಾಸಿ ಮಾಡುವುದಿಲ್ಲ. ಹಗುರ ಮಾಡಿ ಮರೆಸುತ್ತದೆ, ಅಷ್ಟೇ. ಸೂಜಿಗೆ ಬಗ್ಗಿತು ಅಂದಮೇಲೆ ದಮ್ಮೇ ಅಂತ ಎಲ್ಲರೂ ನಂಬಿದ್ದು ಇದರಿಂದಲೇ.

ಅಲ್ಲಿ ಒಬ್ಬರು ಕಿರಿಯ ಡಾಕ್ಟರ್ ಕುಳಿತು ಮೊದಲಿನಿಂದ ಕೇಳಿದರು. ಮಾತ್ರೆಯ ಜೊತೆಗೆ ನಿಂತುಹೋಗಿದ್ದ ಪಂಪನ್ನೂ ಬರೆದರು, ಸ್ಪೇಸರ್ ಹಾಕಿ ಎಳೆಯುವುದನ್ನು ತೋರಿಸಿದರು. ಮಾವ ಆಮೇಲೆ ಏಳು ತಿಂಗಳು ಬದುಕಿದರು. ಕ್ಯಾನ್ಸರಿಗೆ ಆ ಪಂಪು ಏನೂ ಮಾಡಲಿಲ್ಲ, ಮಾಡುವ ಔಷಧವೂ ಅದಲ್ಲ. ಆದರೆ ಅದಕ್ಕೆ ಮುಂಚೆ ಎರಡು ತಿಂಗಳು ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದಿದ್ದ ಮನುಷ್ಯ ಕೊನೆಯ ಬೇಸಿಗೆಯಲ್ಲಿ ಮಲಗಿ ನಿದ್ದೆ ಮಾಡಿದರು. ಅಂಗಳದಲ್ಲಿ, ಹೊರಸಿನ ಮೇಲೆ. ದಮ್ಮು ಯಾವ ಲೆಕ್ಕ ಅನ್ನುವವರು ಆ ಎರಡು ಥರದ ರಾತ್ರಿಗಳನ್ನು ನೋಡಿದವರಲ್ಲ.

ಗುಣವಾಗುವ ಹಂತದಲ್ಲಿರುವವರ ಲೆಕ್ಕ ಇನ್ನೂ ದೊಡ್ಡದು. ಶ್ವಾಸಕೋಶದ ಕ್ಯಾನ್ಸರ್ ಬೇಗ ಸಿಕ್ಕರೆ ಗಡ್ಡೆ ಇರುವ ಭಾಗವನ್ನೇ ಕತ್ತರಿಸಿ ತೆಗೆಯುವುದು ಒಳ್ಳೆಯ ದಾರಿ. ಆದರೆ ಕತ್ತರಿಸಿದ ಮೇಲೆ ಉಳಿದ ಶ್ವಾಸಕೋಶ ಸಾಲುತ್ತದೋ ಅಂತ ಮೊದಲು ಊದಿಸಿ ಅಳೆಯುತ್ತಾರೆ, ಸ್ಪೈರೋಮೆಟ್ರಿ. ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಹಾಕುತ್ತೀರಿ ಅನ್ನುವ ಅಳತೆ. ಒಂದು ಹಾಲೆ ತೆಗೆಯಲು 1.5 ಲೀಟರ್, ಇಡೀ ಒಂದು ಕಡೆಯ ಶ್ವಾಸಕೋಶ ತೆಗೆಯಲು 2 ಲೀಟರಿಗಿಂತ ಹೆಚ್ಚು ಇರಬೇಕು ಅನ್ನುವುದು ಸರ್ಜನ್‌ಗಳ ಹಳೆಯ ರೂಢಿಯ ಲೆಕ್ಕ. ಈಗ ಇನ್ನೂ ಬೇರೆ ಪರೀಕ್ಷೆಗಳೂ ಸೇರಿವೆ. ಚಿಕಿತ್ಸೆ ಇಲ್ಲದೆ ಬಿಗಿದುಕೊಂಡ ಅಸ್ತಮಾ ಇದ್ದರೆ ಆ ಅಳತೆ ಕೆಳಗೆ ಬೀಳುತ್ತದೆ. ಕೆಲವು ವಾರ ಸರಿಯಾಗಿ ಇನ್‌ಹೇಲರ್ ಕೊಟ್ಟು ಮತ್ತೆ ಊದಿಸಿದರೆ ಮೇಲೇರಬಹುದಾದ ಅಳತೆ ಅದು. ಹಾಗೆ ಮಾಡದೆ "ಆಪರೇಷನ್ ತಡೆಯಲ್ಲ" ಅಂತ ಬರೆದುಬಿಟ್ಟರೆ, ಗುಣವಾಗುವ ಅವಕಾಶವನ್ನೇ ಅಸ್ತಮಾದ ಅಲಕ್ಷ್ಯ ನುಂಗಿದ ಹಾಗೆ. ಅಸ್ತಮಾ ಹತೋಟಿಯಲ್ಲಿ ಇಲ್ಲದಿದ್ದರೆ ಅರಿವಳಿಕೆ ಕೊಡುವಾಗ ಶ್ವಾಸನಾಳ ಬಿಗಿದುಕೊಳ್ಳುವ ಅಪಾಯವೂ ಇದೆ.

ಹೊಸ ಇಮ್ಯುನೋಥೆರಪಿಯಲ್ಲೂ ಅಸ್ತಮಾ ಅಡ್ಡ ಬರುತ್ತದೆ. ನಮ್ಮ ಕಡೆಯ ಜನರಿಗೆ ಅದು ಕೈಗೆಟುಕುವುದು ಅಪರೂಪ, ಹಾಗಾಗಿ ಒಂದೇ ಮಾತು. ಬಾಯಿಂದ ನುಂಗುವ ಸ್ಟಿರಾಯ್ಡ್ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೊಲೋನ್ ದಾಟಿದವರಿಗೆ ಅದನ್ನು ಶುರುಮಾಡಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಎಳೆದುಕೊಳ್ಳುವ ಸ್ಟಿರಾಯ್ಡಿಗೆ ಆ ತಕರಾರಿಲ್ಲ. ಪಂಪು ಬಿಟ್ಟು ಮಾತ್ರೆಯ ಮೇಲೆ ಬದುಕುವ ಅಸ್ತಮಾ ರೋಗಿ ಅಲ್ಲೂ ಹಿಂದೆ ಬೀಳುತ್ತಾರೆ.

ಇನ್ನು ಮನೆಯ ಔಷಧದ ಡಬ್ಬಿ ತೆಗೆದು ನೋಡಿ. ಡೆರಿಫಿಲಿನ್ ಇರುತ್ತದೆ. ಅದರಲ್ಲಿರುವ ಥಿಯೋಫಿಲಿನ್ ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಬೀಡಿಯ ಹೊಗೆ ಲಿವರ್ ಈ ಔಷಧವನ್ನು ಬೇಗ ಕರಗಿಸುವ ಹಾಗೆ ಮಾಡುತ್ತದೆ. ಕ್ಯಾನ್ಸರ್ ಅಂತ ಗೊತ್ತಾದ ದಿನ ಹೆದರಿ ಬೀಡಿ ಬಿಡುತ್ತಾರೆ, ಬಿಡಲೇಬೇಕು. ಬಿಟ್ಟ ಒಂದೆರಡು ವಾರದಲ್ಲಿ ಮೊದಲಿನಷ್ಟೇ ಮಾತ್ರೆಗೆ ರಕ್ತದಲ್ಲಿ ಔಷಧದ ಪ್ರಮಾಣ ಏರುತ್ತದೆ. ಜ್ವರಕ್ಕೆ ಅಂತ ಸಿಪ್ರೊಫ್ಲಾಕ್ಸಾಸಿನ್ ಸೇರಿದರೆ ಇನ್ನೂ ಏರುತ್ತದೆ. ವಾಂತಿ, ಎದೆ ಹೊಡೆತ, ಕೈ ನಡುಕ, ನಿದ್ದೆಯಿಲ್ಲ. ಕೆಟ್ಟರೆ ಫಿಟ್ಸ್. ಕೀಮೋ ಆದವರಿಗೆ ವಾಂತಿ ಆದರೆ ಯಾರು ತಾನೇ ಡೆರಿಫಿಲಿನ್ ಮೇಲೆ ಅನುಮಾನ ಪಡುತ್ತಾರೆ? ನೋವಿಗೆ ಅಂತ ಡೈಕ್ಲೋಫಿನಾಕ್ ಇರುತ್ತದೆ. ಅಸ್ತಮಾ ಇರುವ ಕೆಲವರಿಗೆ, ಎಲ್ಲರಿಗೂ ಅಲ್ಲ, ಆ ಗುಂಪಿನ ನೋವಿನ ಮಾತ್ರೆ ಒಂದೇ ಗಂಟೆಯಲ್ಲಿ ದಮ್ಮು ಎಬ್ಬಿಸುತ್ತದೆ. ಗಾಬರಿ, ಎದೆ ಹೊಡೆತಕ್ಕೆ ಅಂತ ಯಾರೋ ಪ್ರೊಪ್ರನಲಾಲ್ ಬರೆದಿರುತ್ತಾರೆ. ಅದು ಶ್ವಾಸನಾಳವನ್ನು ಬಿಗಿಯುವ ಮಾತ್ರೆ, ಅಸ್ತಮಾ ಇರುವವರಿಗೆ ಸಲ್ಲದು. ಕೊಟ್ಟವರೆಲ್ಲ ಬೇರೆ ಬೇರೆ. ಡಬ್ಬಿ ಮಾತ್ರ ಒಂದೇ.

ಪಂಪಿನ ಬಗ್ಗೆ ನಮ್ಮ ಜನರಿಗಿರುವ ಭಯ ಬೇರೆ ಕಥೆ. ಒಮ್ಮೆ ಹಿಡಿದರೆ ಬಿಡೋಕಾಗಲ್ಲ, ಕೊನೇ ಸ್ಟೇಜಿನವರಿಗೆ ಕೊಡೋದು, ಹೆಣ್ಣುಮಕ್ಕಳ ಕೈಯಲ್ಲಿ ಕಂಡರೆ ಗಂಡು ಸಿಗಲ್ಲ. ಕ್ಯಾನ್ಸರ್ ಬಂದ ಮೇಲೆ ಹೊಸ ಭಯ ಸೇರುತ್ತದೆ, ಇಷ್ಟು ಔಷಧದ ಮಧ್ಯೆ ಇದೊಂದು ಬೇರೆ ಯಾಕೆ, ಹೀಟು. ಲೆಕ್ಕ ಹಾಕಿ ನೋಡಿ. ಸಾಲ್ಬುಟಮಾಲ್ ಒಂದು ಪಫ್ಫಿಗೆ 100 ಮೈಕ್ರೋಗ್ರಾಂ. ಅದೇ ಔಷಧದ ಮಾತ್ರೆ 4 ಮಿಲಿಗ್ರಾಂ, ಅಂದರೆ ನಲವತ್ತು ಪಫ್. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ ಆಮೇಲೆ ಶ್ವಾಸಕೋಶಕ್ಕೆ ಬರುತ್ತದೆ. ಪಫ್ ನೇರ ಅಲ್ಲಿಗೇ ಹೋಗುತ್ತದೆ. ಹೀಟು ಯಾವುದರಲ್ಲಿ ಜಾಸ್ತಿ? ಇನ್ನೊಂದು ವಿಷಯ, ಬರೀ ಸಾಲ್ಬುಟಮಾಲ್ ಪಂಪು ಎಳೆದುಕೊಂಡು ಕಾಲ ಹಾಕುವುದೂ ಸರಿಯಲ್ಲ. ಜಿನಾ ಎಂದು ಕರೆಯುವ ಜಾಗತಿಕ ಅಸ್ತಮಾ ವೇದಿಕೆ 2019ರಿಂದಲೇ ದೊಡ್ಡವರಿಗೆ ಅದೊಂದನ್ನೇ ಕೊಡಬೇಡಿ, ಊತ ಇಳಿಸುವ ಬುಡೆಸೊನೈಡ್ ಥರದ ಎಳೆಯುವ ಸ್ಟಿರಾಯ್ಡ್ ಜೊತೆಗಿರಲಿ ಅನ್ನುತ್ತಿದೆ. ಕೀಮೋ ನಡೆಯುವವರು ಅದನ್ನು ಎಳೆದಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಶಿಲೀಂಧ್ರ ಕಟ್ಟಿಕೊಂಡು ಊಟ ಸೇರುವುದಿಲ್ಲ. ನಿತ್ರಾಣವಾದವರಿಗೆ ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗದು, ಸ್ಪೇಸರ್ ಬೇಕು. ಅದಕ್ಕೂ ದುಡ್ಡಿಲ್ಲ ಅಂತೀರಾ? ದಕ್ಷಿಣ ಆಫ್ರಿಕಾದ ಹೆದರ್ ಝಾರ್ ಮತ್ತು ಜೊತೆಗಾರರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ, ಸಂದು ಮುಚ್ಚಿ ಮಾಡಿದ ಸ್ಪೇಸರ್ ಮಕ್ಕಳಲ್ಲಿ ಅಂಗಡಿಯದರಷ್ಟೇ ಕೆಲಸ ಮಾಡುತ್ತದೆ ಅಂತ 1999ರಲ್ಲೇ ಲ್ಯಾನ್ಸೆಟ್‌ನಲ್ಲಿ ತೋರಿಸಿದ್ದಾರೆ. ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಅಂಥ ಬಾಟಲಿಗೆ ಬರವೇ?

ಈಗ ಸರ್ಕಾರದ ಲೆಕ್ಕಕ್ಕೆ ಬರೋಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಿಂದ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಕೀಮೋ, ರೇಡಿಯೇಷನ್, ಆಪರೇಷನ್ ಅದರಲ್ಲಿ ಬರುತ್ತವೆ. ಈ ಯೋಜನೆಯಿಂದ ಎಷ್ಟೋ ಮನೆಗಳ ಹೊಲ ಉಳಿದಿದೆ, ಅದನ್ನು ಹೇಳದೆ ಬೈದರೆ ತಪ್ಪಾಗುತ್ತದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯೊಳಗಿನ ಚಿಕಿತ್ಸೆಗೆ ರೂಪಿಸಿದ್ದು. ಲಕ್ಷಗಟ್ಟಲೆ ಕೊಟ್ಟು ಗಡ್ಡೆ ಸುಡಿಸಿ ಮನೆಗೆ ಕಳಿಸಿದ ಮೇಲೆ, ತಿಂಗಳಿಗೆ ಕೆಲವು ನೂರು ರೂಪಾಯಿಯ ಇನ್‌ಹೇಲರ್ ರೋಗಿಯ ಜೇಬಿಗೆ ಬೀಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಮಾತ್ರೆ ಇದೆ, ಸಿರಪ್ ಇದೆ, ನೆಬುಲೈಜರ್ ಇದೆ, ಕರೆಂಟಿದ್ದರೆ ಹಾಕುತ್ತೇವೆ. ಬುಡೆಸೊನೈಡ್ ಪಂಪು? "ಬಂದಿಲ್ಲ." ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೂ ನಮ್ಮ ರಾಷ್ಟ್ರೀಯ ಪಟ್ಟಿಯಲ್ಲೂ ಇರುವ ಔಷಧ ಅದು. 2023ರಲ್ಲಿ ಕೇಂದ್ರ ಸರ್ಕಾರ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮವನ್ನು ಹಿಗ್ಗಿಸಿ ಅಸ್ತಮಾವನ್ನೂ ಒಳಗೆ ಸೇರಿಸಿತು. ಆದರೆ ಮೂವತ್ತು ದಾಟಿದವರಿಗೆ ಮನೆ ಮನೆಯಲ್ಲಿ ನಡೆಯುವ ತಪಾಸಣೆ ಬಿ.ಪಿ., ಶುಗರ್, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ಸುತ್ತಲೇ ಇದೆ.

ಡಾಕ್ಟರುಗಳ ಕಡೆಯ ಉತ್ತರ ನನಗೆ ಗೊತ್ತಿದೆ. ಬೆಳಿಗ್ಗೆ ಎಂಟಕ್ಕೆ ಶುರುವಾಗುವ ಸಾಲು, ಒಬ್ಬರಿಗೆ ಐದು ನಿಮಿಷ, ಅದರಲ್ಲಿ ಅಸ್ತಮಾ ಎಲ್ಲಿ ಕೇಳೋಣ? ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯ ಮುಂದೆ ಒಂದು ಬೆಳಿಗ್ಗೆ ನಿಂತವರಿಗೆ ಇದು ನೆಪ ಅನ್ನಿಸುವುದಿಲ್ಲ. ಅದರ ನೆರೆಯಲ್ಲೇ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ಕ್ಯಾನ್ಸರ್ ಡಾಕ್ಟರು ಎದೆರೋಗದ ಡಾಕ್ಟರ ಬಳಿ ಕಳಿಸಿದರೆ ರೋಗಿ ನಡೆದೇ ಹೋಗಬಹುದು. ನಮ್ಮ ತಾಲ್ಲೂಕಿಗೆ ಅವರಿಬ್ಬರೂ ಇನ್ನೂರು ಕಿಲೋಮೀಟರ್ ದೂರ. ಅದಕ್ಕೇ ನಾವು ಕೇಳುತ್ತಿರುವುದು ಇನ್ನೊಂದು ಐದು ನಿಮಿಷವನ್ನಲ್ಲ, ಡಿಸ್ಚಾರ್ಜ್ ಕಾಗದದಲ್ಲಿ ಎರಡು ಸಾಲು. "ಅಸ್ತಮಾ ಇದೆ, ಈ ಇನ್‌ಹೇಲರ್ ನಿಲ್ಲಿಸಬೇಡಿ. ರೇಡಿಯೇಷನ್ ಆದ ಆರು ತಿಂಗಳೊಳಗೆ ಹೊಸ ಕೆಮ್ಮು, ಏದುಸಿರು ಬಂದರೆ ಸೂಜಿ ಹಾಕುವ ಮೊದಲು ನಮಗೆ ಫೋನ್ ಮಾಡಿ." ಕನ್ನಡದಲ್ಲಿ. ಅಷ್ಟಿದ್ದರೆ ನಮ್ಮೂರ ಕ್ಲಿನಿಕ್ಕಿನವರಿಗೂ ದಾರಿ ಸಿಗುತ್ತದೆ. ಅವರನ್ನು ಬೈಯುವುದು ಸುಲಭ, ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆಯುವವರು ಅವರೊಬ್ಬರೇ ಅನ್ನುವುದೂ ಸತ್ಯ. ಕೈಯಲ್ಲಿ ಸೂಜಿ ಮಾತ್ರ ಇರುವವರು ಸೂಜಿಯನ್ನೇ ಹಾಕುತ್ತಾರೆ.

ಅಸ್ತಮಾ ಹತೋಟಿಯಲ್ಲಿದೆಯೋ ಅಂತ ನೋಡಲು ವೈದ್ಯರು ಕೇಳುವುದು ನಾಲ್ಕು ಪ್ರಶ್ನೆ. ಕಳೆದ 4 ವಾರದಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಹಗಲು ದಮ್ಮು ಬಂತೇ, ರಾತ್ರಿ ಎಚ್ಚರ ಆಯಿತೇ, ತುರ್ತಿನ ಪಂಪು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ, ಕೆಲಸಕ್ಕೆ ಅಡ್ಡಿಯಾಯಿತೇ. ಕ್ಯಾನ್ಸರ್ ರೋಗಿಯ ಮುಂದೆ ಈ ಪ್ರಶ್ನೆಗಳು ಸೋಲುತ್ತವೆ. ಕೀಮೋಗೆ ರಕ್ತ ಕಡಿಮೆಯಾದರೂ ಏದುಸಿರು, ಶ್ವಾಸಕೋಶದ ಸುತ್ತ ನೀರು ತುಂಬಿದರೂ ಏದುಸಿರು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಹಾರಿ ಶ್ವಾಸಕೋಶಕ್ಕೆ ಹೋದರೂ ಏದುಸಿರು. ಹಾಗಾಗಿ ಅಳತೆ ಬೇಕು. ಪೀಕ್ ಫ್ಲೋ ಮೀಟರ್ ಅನ್ನುವ ಪ್ಲಾಸ್ಟಿಕ್ ಕೊಳವೆ ಇದೆ, ಜೋರಾಗಿ ಊದಿದರೆ ಮುಳ್ಳು ಸರಿದು ಅಂಕಿ ತೋರಿಸುತ್ತದೆ. ಪಂಪು ಎಳೆಯುವ ಮೊದಲೊಮ್ಮೆ, ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಊದಿಸಿದರೆ, ಅಂಕಿ ಚೆನ್ನಾಗಿ ಏರಿದರೆ ಅಸ್ತಮಾದ ಪಾಲಿದೆ. ಏರದಿದ್ದರೆ ಬೇರೆ ಕಾರಣ ಹುಡುಕಲು ಕಳಿಸಬೇಕು. ಒಂದು ಕಾಲು ಮಾತ್ರ ಊದಿದ್ದರೆ, ಮುಖ ಕುತ್ತಿಗೆ ಬಾತುಕೊಂಡಿದ್ದರೆ, ಕಫದಲ್ಲಿ ರಕ್ತ ಇದ್ದರೆ ಅಳೆಯುತ್ತಾ ಕೂರಬಾರದು, ಅದೇ ಗಾಡಿಯಲ್ಲಿ ಕಳಿಸಬೇಕು. ಆಶಾ ಕಾರ್ಯಕರ್ತೆಯರಿಗೆ ಬಿ.ಪಿ. ನೋಡಲು ಕಲಿಸಬಹುದಾದರೆ ಇದನ್ನೂ ಕಲಿಸಬಹುದು. ಗೌರವಧನ ಹೆಚ್ಚಿಸದೆ ಇನ್ನೊಂದು ಕೆಲಸ ತಲೆಗೆ ಕಟ್ಟಬೇಡಿ ಅಂತ ಅವರು ಅಂದರೆ, ಅದೂ ನ್ಯಾಯವೇ.

ರೋಗಿ ಮನೆಗೆ ಬಂದ ಮೇಲೆ ಎದುರಾಗುವುದು ಮತ್ತೆ ಅದೇ ಹೊಗೆ. 2016ರಲ್ಲಿ ಉಜ್ವಲಾ ಬಂದ ಮೇಲೆ ಅಡುಗೆಮನೆಗೆ ಸಿಲಿಂಡರ್ ಬಂತು ಅಂತ ಬರೆಯುತ್ತೇವೆ. ಬಚ್ಚಲ ಒಲೆಯನ್ನು ಯಾರೂ ಎಣಿಸುವುದಿಲ್ಲ. ಹಂಡೆ ನೀರು ಕಾಯಲು ಬೆಳಗಿನ ಜಾವ ತೆಂಗಿನ ಗರಿ, ಹಸಿ ಸೌದೆ, ಕೆಲವು ಕಡೆ ಪ್ಲಾಸ್ಟಿಕ್ ಕವರ್ ಕೂಡ. ಅಸ್ತಮಾ ತುಂಬ ಕಾಡುವ ಹೊತ್ತೂ ಅದೇ. ಕೀಮೋ ಆದವರಿಗೆ ಬಿಸಿನೀರು ಕಾಯಿಸಬೇಕು ಅಂತ ಪ್ರೀತಿಯಿಂದ ಹಚ್ಚಿದ ಒಲೆಯ ಪಕ್ಕದ ಕೋಣೆಯಲ್ಲೇ ಅವರನ್ನು ಮಲಗಿಸಿರುತ್ತಾರೆ.

ನಮ್ಮ ಪತ್ರಿಕೋದ್ಯಮದ ಕ್ಯಾಲೆಂಡರ್ ನೋಡಿ. ಮೇ ತಿಂಗಳ ಮೊದಲ ಮಂಗಳವಾರ ವಿಶ್ವ ಅಸ್ತಮಾ ದಿನ, ಪಂಪು ಹಿಡಿದ ಮಗುವಿನ ಫೋಟೋ. ಮೇ 31 ತಂಬಾಕು ರಹಿತ ದಿನ, ಸುಟ್ಟ ಶ್ವಾಸಕೋಶದ ಚಿತ್ರ. ಜೂನಿನಲ್ಲಿ ಮೃಗಶಿರಾ ಮಳೆ ಹುಟ್ಟುತ್ತಿದ್ದಂತೆ ಹೈದರಾಬಾದಿನ ಮೀನಿನ ಔಷಧಕ್ಕೆ ಸಾಲು ನಿಂತವರ ಪುಟಗಟ್ಟಲೆ ಸುದ್ದಿ, ಜನಮರುಳು ಅನ್ನುವ ಧಾಟಿಯ ತಲೆಬರಹ. ಆ ಸಾಲಿನಲ್ಲಿ ನಮ್ಮ ಜಿಲ್ಲೆಯವರೂ ನಿಂತಿರುತ್ತಾರೆ. ತಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಇನ್‌ಹೇಲರ್ ಸಿಗುತ್ತಿತ್ತೋ ಅಂತ ಅವರಲ್ಲಿ ಒಬ್ಬರನ್ನಾದರೂ ಕೇಳಿದ ವರದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅಸ್ತಮಾ ಮತ್ತು ಶ್ವಾಸಕೋಶದ ಕ್ಯಾನ್ಸರ್ ಎರಡೂ ಒಂದೇ ಮೈಯಲ್ಲಿ ಇರಬಹುದು ಅನ್ನುವ ವರದಿಯೂ ಬಿದ್ದಿಲ್ಲ.

ಈ ಬ್ಲಾಗ್ ಓದುವವರಲ್ಲಿ ಅರ್ಧಕ್ಕರ್ಧ ಜನ ತಾಲ್ಲೂಕು ವರದಿಗಾರರು. ಈ ವಾರ ನಿಮ್ಮ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಹೋದಾಗ ಔಷಧ ದಾಸ್ತಾನು ಪುಸ್ತಕ ಕೇಳಿ. ಬುಡೆಸೊನೈಡ್ ಇನ್‌ಹೇಲರ್ ಕೊನೆಯ ಸಲ ಯಾವಾಗ ಬಂತು, ಎಷ್ಟು ಬಂತು, ಸ್ಪೇಸರ್ ಇದೆಯೇ, ಪೀಕ್ ಫ್ಲೋ ಮೀಟರ್ ಇದೆಯೇ. ಪುಸ್ತಕ ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ, ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಚಿತ್ರದುರ್ಗ ಜಿಲ್ಲೆಯ ಅರ್ಜಿಗಳನ್ನು ನಾವು ಈಗಾಗಲೇ ಬರೆದಿಟ್ಟಿದ್ದೇವೆ, ಉಳಿದ ಜಿಲ್ಲೆಯವರಿಗೆ ನಮೂನೆ ಬೇಕಿದ್ದರೆ ಕಳಿಸುತ್ತೇವೆ.